ಮಾನ್ವಿ ಹೀರೆಬಳ್ಳಿಯ ತಪಾಸಣೆ

೧೯ ಜೂನ್ ೧೯೮೮, ರವಿವಾರ

ಬೆಳಿಗ್ಗೆ ಶಾಮಲಾಳನ್ನು ಕಾಚಿಗೂಡದಲ್ಲಿ ರೈಲು ಹತ್ತಿಸಿ ಬಂದೆ. ಗುಂತಕಲ್ಲಿನಲ್ಲಿ ಇಳಿದು ಬಳ್ಳಾರಿ ಗಾಡಿ ಹಿಡಿಯುತ್ತಾಳೆ. ನಲಿನಿಗೆ ಏಳನೇ ತಿಂಗಳು. ರಕ್ತದೊತ್ತಡ ಏರಿದೆ, ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣವಂತೂ ಕೂಡದು ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರಿಂದ, ಮಗಳು ತವರಿಗೆ ಬರುವ ಬದಲು ತವರೇ ಮಗಳ ಕಡೆಗೆ ಹೊರಟಿತು. ನನ್ನೊಬ್ಬನನ್ನು ಬಿಟ್ಟು.

ಗಾಡಿ ಹೊರಡುವವರೆಗೂ ಕಿಟಕಿಯೊಳಗಿಂದ ಒಂದೇ ಮಾತು. ಹೊತ್ತಿಗೆ ಸರಿಯಾಗಿ ಉಣ್ಣಿ ಎಂದಲ್ಲ. "ಹೀರೀಬಳ್ಳಿಗೆ ಮುಂಜಾನೆ ಒಂದು ತಂಬಿಗಿ ನೀರು, ಸಂಜೀಕೊಂದು. ಮಳಿ ಬಂದ್ರ ಬ್ಯಾಡ. ಎರಡು ಕಾಯಿ ಕೀಳಬ್ಯಾಡ್ರಿ, ಬಳ್ಳ್ಯಾಗ ಒಣಗಲಿ, ಬೀಜಕ್ಕ. ನಮ್ಮವ್ವನ ಬೀಜ ಅವು. ಇನ್ನ ಬ್ಯಾರೆ ಇಲ್ಲ."

"ಮೂವತ್ತೊಂದು ವರ್ಷ ಇಡೀ ಬಜಾರದ ತಕ್ಕಡಿ ನೋಡಿದಾಂವ, ಎರಡು ಬಳ್ಳಿ ನೋಡಲಾರೆನೇನು?" ಎಂದೆ.

"ತಕ್ಕಡಿಗೆ ನೀರು ಹಾಕೋದಿಲ್ರೀ," ಎಂದಳು. ಗಾಡಿ ಹೊರಟಿತು. ಉತ್ತರ ಹೊಳೆದದ್ದು ಬಸ್ಸಿನಲ್ಲಿ ಕುಳಿತ ಮೇಲೆ, ಅದೂ ಅಷ್ಟೇನೂ ಒಳ್ಳೆಯದಾಗಿರಲಿಲ್ಲ.

ನಮ್ಮ ಅತ್ತೆ ಹೋದ ಕಾರ್ತೀಕದಲ್ಲಿ ಮಾನ್ವಿಯಲ್ಲಿ ತೀರಿಕೊಂಡರು. ಅವರ ಬೀಜದ ಗಂಟಿನಲ್ಲಿ ಹುಳು ಬೀಳದೆ ಉಳಿದಿದ್ದ ಹೀರೆಬೀಜ ನಾಲ್ಕು. ಮೊಳೆತದ್ದು ಎರಡು. ಮೊಳದುದ್ದ, ಬೆರಳು ದಪ್ಪ, ಆ ಸೀಮೆಯಲ್ಲಿ ಬೇರೆಲ್ಲೂ ಇಲ್ಲದ ಕಾಯಿ ಎಂದು ಶಾಮಲಾಳ ಹೆಮ್ಮೆ. ಈಗ ನಾರಾಯಣಗೂಡದ ನಮ್ಮ ಮಾಳಿಗೆಯ ಮೇಲೆ ಎರಡು ಎಣ್ಣೆ ಡಬ್ಬಿಗಳಲ್ಲಿ ಆ ಎರಡು ಬಳ್ಳಿ, ಒಂದು ಒಡಕು ಡ್ರಮ್ಮಿನಲ್ಲಿ ಕರಿಬೇವು, ಕುಂಡದಲ್ಲಿ ಕೆಂಪು ದಾಸವಾಳ, ತುಳಸಿ. ಮಾರ್ಚಿನಲ್ಲಿ ನಿವೃತ್ತನಾದ ತೂಕ-ಅಳತೆ ಇನ್ಸ್‌ಪೆಕ್ಟರಿಗೆ ದಿನಕ್ಕೆ ಅರ್ಧ ತಾಸಿನ ಕೆಲಸ.

೨೨ ಜೂನ್, ಬುಧವಾರ

ಮಾಳಿಗೆಯ ಪ್ರಥಮ ತಪಾಸಣೆ ಮಾಡಿದೆ. ಪರಿಸ್ಥಿತಿ ನಾನು ತಿಳಿದದ್ದಕ್ಕಿಂತ ಕೆಟ್ಟದ್ದು. ಎಲ್ಲ ಕಡೆ ಕಳ್ಳರು.

ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಎಂದು ಒರೆಸಹೋದರೆ ಹಿಕ್ಕೆ ನಡೆಯತೊಡಗಿತು. ಅದು ಹುಳು. ಮೋಸಕ್ಕೆಂದೇ ಹಿಕ್ಕೆಯ ವೇಷ ಹಾಕಿದೆ. ನನ್ನ ಸರ್ವೀಸಿನಲ್ಲಿ ತೂಕದ ಕಲ್ಲಿನೊಳಗೆ ಮೇಣ ತುಂಬಿದವರನ್ನು ಹಿಡಿದಿದ್ದೇನೆ, ಇಂಥದ್ದನ್ನು ಕಂಡಿಲ್ಲ. ಹೀರೆಬಳ್ಳಿಯ ಮೇಲೆ ಇರುವೆಗಳು ಸಾಲುಗಟ್ಟಿ, ಯಾರ ಪರವಾನಗಿಯೂ ಇಲ್ಲದೆ, ಮೇಲಕ್ಕೂ ಕೆಳಕ್ಕೂ ಓಡಾಡುತ್ತಿವೆ. ದಾಸವಾಳದ ಮೇಲೆ ಗುಲಗಂಜಿಯಂಥ ಹುಳಗಳು, ಕೆಂಪು ಮೈಗೆ ಕರಿ ಚುಕ್ಕಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ಸುಳ್ಳು ಗುಲಗಂಜಿ ಜಪ್ತಿ ಮಾಡಿದವನು ನಾನು. ಆ ಬಣ್ಣ ನೋಡಿದ ಕೂಡಲೆ ನನಗೆ ಸಂಶಯ ಬಂತು. ಏಳು ಸಿಕ್ಕವು. ಏಳನ್ನೂ ಚಪ್ಪಲಿಯಿಂದ ತೀರಿಸಿದೆ.

ಅದೇ ಗಿಡದ ಕಾಂಡಕ್ಕೆ ಹತ್ತಿಯಂಥ ಬಿಳಿ ಬಿಳಿ ಏನೋ ಅಂಟಿಕೊಂಡಿದೆ. ಅಲುಗಾಡುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ. ನಿರಪರಾಧಿ ಎಂದು ಬಿಟ್ಟೆ.

೨೫ ಜೂನ್, ಶನಿವಾರ

ಸುಲ್ತಾನ್ ಬಜಾರಿಗೆ ಹೋಗಿ ಬೂದು ಬಣ್ಣದ ಪುಡಿ ತಂದೆ. "ಏ ಪುರುಗೂ ಉಂಡದು ಸಾರ್," ಒಂದು ಹುಳವೂ ಉಳಿಯದು ಎಂದ ಅಂಗಡಿಯವನು. ಶಾಮಲಾಳ ಖಾಲಿ ಪೌಡರ್ ಡಬ್ಬಿಗೆ ತುಂಬಿ, ಮೂಗಿಗೆ ಪಂಚೆ ಕಟ್ಟಿಕೊಂಡು, ಮಗುವಿಗೆ ಹಾಕುವ ಹಾಗೆ ಎಲ್ಲ ಗಿಡಕ್ಕೂ ಹಾಕಿದೆ. ಒಂದು ಚಮಚ ಸಾಕೆಂದು ಅವನು ಹೇಳಿದ್ದ. ಅಂಗಡಿಯವರು ಹೇಳಿದ ಅಳತೆಯನ್ನು ನಾನು ಎಂದೂ ನಂಬಿದವನಲ್ಲ. ಇಡೀ ಡಬ್ಬಿ ಮುಗಿಸಿದೆ.

೨೭ ಜೂನ್

ಮಾಳಿಗೆಯ ಮೇಲೆ ಸಂಪೂರ್ಣ ಶಾಂತಿ. ಶಾಮಲಾಳಿಗೆ ಕಾಗದ ಬರೆದೆ: "ಎಲ್ಲವೂ ಹಿಡಿತದಲ್ಲಿದೆ."

೬ ಜುಲೈ, ಬುಧವಾರ

ಒಂದು ಬಳ್ಳಿ ಸತ್ತಿತು. ಎಲೆಯ ಅಂಚು ಸುಟ್ಟಂತಾಗಿ, ನಾಲ್ಕು ದಿನದಲ್ಲಿ ಒಣಗಿ ನಿಂತಿತು. ಉಳಿದದ್ದು ಒಂದು.

ಇದರ ಮೇಲೆ, ಆ ನಿರಪರಾಧಿ ಹತ್ತಿ ದಾಸವಾಳದ ತುಂಬ ಹರಡಿದೆ. ಮೊಗ್ಗೆಲ್ಲ ಮುರುಟಿವೆ. ಇರುವೆಗಳು ಮೊದಲಿಗಿಂತ ಎರಡು ಪಟ್ಟು ಬಂದಿವೆ.

ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಗ ಗೋಡೆಯಾಚೆಯಿಂದ ಬಸಲಿಂಗಮ್ಮನವರು ಮಾತಾಡಿಸಿದರು. ಪಕ್ಕದ ಮನೆಯವರು, ಶಹಾಪುರದ ಕಡೆಯ ಲಿಂಗಾಯತರು. ಎರಡು ಮಾಳಿಗೆಗಳ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಆದರೂ ಹತ್ತು ವರ್ಷದಿಂದ ಅವರಿಗೂ ನನಗೂ ಮಾತು ಅಷ್ಟಕ್ಕಷ್ಟೆ. ಅವರ ಮಗನ ಬಟ್ಟೆ ಅಂಗಡಿಯ ಮೀಟರ್ ಕಡ್ಡಿ ಅರ್ಧ ಸೆಂಟಿಮೀಟರ್ ಗಿಡ್ಡ ಇತ್ತೆಂದು ನಾನು ಜಪ್ತಿ ಮಾಡಿದ್ದೆ. ಕರ್ತವ್ಯ.

"ಸಾಹೇಬ್ರ, ಅದು ಹತ್ತಿ ಅಲ್ರಿ. ಹಿಟ್ಟಿನ ಹುಳ. ಗಿಡದ ರಸ ಹೀರಾಕತ್ತಾವ."

"ಹುಳ ಎಲ್ಲಾ ಕೊಂದೇನಲ್ರೀ."

"ಇವನ್ನ ತಿನ್ನೋ ಹುಳ ಕೊಂದೀರಿ. ಗುಲಗಂಜಿ ಹುಳ. ಅವು ಇದ್ದಿದ್ರ ಇವು ಇಷ್ಟು ಬೆಳೀತಿದ್ದಿಲ್ಲ."

ನಾನು ಚಪ್ಪಲಿಯ ಕಡೆ ನೋಡಿಕೊಂಡೆ. "ಮತ್ತ ಇರುವಿ? ಇರುವಿ ಯಾಕ ಇವನ್ನ ತಿನ್ನದ ಸುಮ್ಮನದಾವ?"

"ಇರಿವಿ ಅವನ್ನ ಸಾಕ್ಯಾವ್ರಿ, ನಾವು ಎಮ್ಮಿ ಸಾಕಿದಂಗ. ಹಿಂಡ್ಕೊಂಡು ಕುಡೀತಾವ. ಬೇಕಾದ್ರ ಕುಂತು ನೋಡ್ರಿ. ಈಗ ನಿಮಗೇನು ಡ್ಯೂಟಿ ಐತಿ?"

ಕೊನೆಯ ಮಾತು ಅನಗತ್ಯವಾಗಿತ್ತು.

೭ ಜುಲೈ

ಕುಂತು ನೋಡಿದೆ. ಮುದ್ರೆ ಪರೀಕ್ಷಿಸುತ್ತಿದ್ದ ಹಳೆಯ ಭೂತಗನ್ನಡಿ ಹಿಡಿದು, ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ. ನಿಜ. ಇರುವೆ ಮೀಸೆಯಿಂದ ಹುಳದ ಬೆನ್ನು ಸವರುತ್ತದೆ. ಹುಳ ಒಂದು ಹನಿ ಕೊಡುತ್ತದೆ. ಇರುವೆ ಕುಡಿದು ಮುಂದಿನದಕ್ಕೆ ಹೋಗುತ್ತದೆ. ನೊರೆ ಇಲ್ಲ, ನೀರು ಬೆರೆಸುವುದಿಲ್ಲ, ತಳ ಬಗ್ಗಿದ ಅಳತೆಪಾತ್ರೆ ಇಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ನೋಡಿದ ಮೊದಲ ಪ್ರಾಮಾಣಿಕ ಹಾಲಿನ ವ್ಯಾಪಾರ.

ಅನ್ನ ಸೀದಿತು. ಅವಲಕ್ಕಿ ತಿಂದೆ.

೧೫ ಜುಲೈ, ಶುಕ್ರವಾರ

ಕೊಂದದ್ದನ್ನು ತಂದುಕೊಡಬೇಕು ಎಂದು ತೀರ್ಮಾನಿಸಿ ಗಾಜಿನ ಬಾಟಲಿ ಹಿಡಿದು ಹೊರಟೆ. ಮೂರು ಫರ್ಲಾಂಗು ಆಚೆಯ ಕಾಲೇಜಿನ ಬೇಲಿಯಲ್ಲಿ ಗುಲಗಂಜಿ ಹುಳ ಇವೆ ಎಂದು ಬಸಲಿಂಗಮ್ಮನವರು ಹೇಳಿದ್ದರು. ಬೇಲಿಯೊಳಗೆ ತಲೆ ತೂರಿಸಿ ಕುಳಿತಿದ್ದೆ. ಹಿಂದಿನಿಂದ ವಾಚ್‌ಮನ್ ಬಂದ.

"ಕ್ಯಾ ಗುಮ್ ಗಯಾ, ಬಡೇ ಸಾಬ್?"

ಏನು ಕಳೆದುಕೊಂಡಿರಿ ಎಂದರೆ ಏನು ಹೇಳಲಿ. "ಲಾಲ್ ಕೀಡೆ," ಕೆಂಪು ಹುಳ, ಎಂದೆ. ಅವನು ನನ್ನ ಮುಖ ನೋಡಿದ, ಬಾಟಲಿ ನೋಡಿದ, ಕೋಲು ಗೋಡೆಗೆ ಒರಗಿಸಿ ತಾನೂ ಬೇಲಿಯೊಳಗೆ ತಲೆ ತೂರಿಸಿದ. ಇಬ್ಬರೂ ಸೇರಿ ಹನ್ನೊಂದು ಹಿಡಿದೆವು. ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಮಳೆ ಬಂದದ್ದರಿಂದ ಬಸ್ಸು ಹತ್ತಿದೆ, ಅದೇ ತಪ್ಪಾಯಿತು. ಗಾಳಿಯಾಡಲೆಂದು ಮುಚ್ಚಳಕ್ಕೆ ಹೊಡೆದ ತೂತು ದೊಡ್ಡದಾಗಿ ಹುಳಗಳು ಒಂದೊಂದೇ ಹೊರಬಿದ್ದವು; ಒಂದು ಹೋಗಿ ಮುಂದಿನ ಸೀಟಿನ ಹೆಂಗಸಿನ ಮಲ್ಲಿಗೆಯ ಮೇಲೆ ಕುಳಿತಿತು. ನಾನು ಮೆಲ್ಲಗೆ ಕೈ ಚಾಚಿದೆ. ಅದೇ ಹೊತ್ತಿಗೆ ಕಂಡಕ್ಟರು ನೋಡಿದ.

"ಏಂ ಪನಿ ತಾತಾ ಇದಿ?"

ಇದೇನು ಕೆಲಸ ಅಜ್ಜಾ ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದ. ನಾನು ಬಾಟಲಿ ಎತ್ತಿ ತೋರಿಸಿದೆ. ಆಮೇಲೆ ಬಸ್ಸಿನವರೆಲ್ಲ ಹುಡುಕಿದರು. ಆ ಹೆಂಗಸೇ ಮೂರು ಹಿಡಿದು ಕೊಟ್ಟಳು. ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಹೋಗಿತ್ತು. ಮನೆಗೆ ಬಂದವು ಆರು.

೧೬ ಜುಲೈ

ಆರನ್ನೂ ದಾಸವಾಳದ ಮೇಲೆ ಬಿಟ್ಟೆ. ಒಂದು ನಿಮಿಷ ಪುಡಿ ಮೂಸಿ ನೋಡಿದವು. ಆರರಲ್ಲಿ ನಾಲ್ಕು, ಗೋಡೆ ದಾಟಿ, ಬಸಲಿಂಗಮ್ಮನವರ ದಾಸವಾಳಕ್ಕೆ ಹೋದವು.

"ನಿಮ್ಮ ಮಂದಿ ಬಂದಾರ್ರೀ ಇಲ್ಲಿ," ಎಂದು ಅವರು ಕೂಗಿ ಹೇಳಿದರು.

೧೭ ಜುಲೈ

ದಿನವಿಡೀ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿದೆ. ಡಬ್ಬಿಯ ಮೇಲ್ಮಣ್ಣು ತೆಗೆದು ಬೇರೆ ಮಣ್ಣು ಹಾಕಿದೆ. ಶಾಮಲಾಳಿಗೆ ಜ್ವರ ಬಂದಾಗಲೂ ಹಣೆಗೆ ಇಷ್ಟು ಸಲ ಬಟ್ಟೆ ಇಟ್ಟವನಲ್ಲ. ಈಗ ಬರೆಯುವಾಗ ಹೊಳೆಯಿತು. ಯಾಕೋ.

೩೧ ಜುಲೈ, ರವಿವಾರ

ಬಳ್ಳಾರಿಯಿಂದ ಬಸಲಿಂಗಮ್ಮನವರ ಫೋನಿಗೆ ಶಾಮಲಾ ಮಾಡಿದ್ದಳು. ಅವರು ಗೋಡೆಯ ಮೇಲಿಂದ ಕರೆದರು, ನಾನು ಗೋಡೆ ದಾಟಿಯೇ ಓಡಿದೆ.

"ನಲಿನಿ ಹ್ಯಾಂಗಿದ್ದಾಳ?"

"ಕಾಲು ಬಾತಾವ. ಉಪ್ಪು ಬಿಡಿಸ್ಯಾರ. ಡಾಕ್ಟರಮ್ಮ ದಿನಾ ಬರ್ತಾರ. ಹೆದರಬ್ಯಾಡ್ರಿ." ಹೆದರಬ್ಯಾಡ್ರಿ ಎಂದು ಅವಳು ಹೇಳುವುದು ಅವಳಿಗೆ ಹೆದರಿಕೆಯಾದಾಗ. "ಬಳ್ಳಿ ಹ್ಯಾಂಗವ?"

"ಬಳ್ಳಿ ಛಲೋ ಅದ."

"ಅವ ಅನ್ರಿ, ಅದ ಯಾಕ ಅಂತೀರಿ? ಎರಡೂ ಛಲೋ ಅವ?"

"ಛಲೋ ಅವ."

"ಜೇನ್ನೊಣ ಬರ್ತಾವಿಲ್ಲೋ?"

"ಬರ್ತಾವಲ್ಲ, ಭಾಳ ಬರ್ತಾವ."

"ಒಂದೂ ಬರಾಂಗಿಲ್ಲ," ಎಂದರು ಹಿಂದೆ ನಿಂತ ಬಸಲಿಂಗಮ್ಮನವರು, ಅಕ್ಕಿ ಆರಿಸುತ್ತ. "ಎಲ್ಲಾ ನಮ್ಮ ಕಡೀಗೇ ಬರ್ತಾವ."

"ಯಾರು ಮಾತಾಡಿದ್ರು?"

"ರೇಡಿಯೋ," ಎಂದೆ. ಲೈನು ಹೋಯಿತು. ದೇವರು ದೊಡ್ಡವನು.

೮ ಆಗಸ್ಟ್, ಸೋಮವಾರ

ಹೀರೆ ಹೂವು ಸಂಜೆ ಐದೂವರೆಗೆ ಅರಳುತ್ತದೆ. ಹಳದಿ, ಚಂದ. ಕೆಲವು ಹೂವಿನ ಕೆಳಗೆ ಬೆರಳ ತುದಿಯಷ್ಟು ಕಾಯಿ ಇರುತ್ತದೆ. ಮೂರನೇ ದಿನಕ್ಕೆ ಅದು ಹಳದಿಯಾಗಿ ಉದುರುತ್ತದೆ. ಇವತ್ತಿಗೆ ಒಂಬತ್ತು ಉದುರಿದವು. ಒಂಬತ್ತನ್ನೂ ಕಿಟಕಿಯ ಮೇಲೆ ಸಾಲಾಗಿ ಇಟ್ಟಿದ್ದೇನೆ.

ಮಾನ ಬಿಟ್ಟು ಬಸಲಿಂಗಮ್ಮನವರನ್ನು ಕೇಳಿದೆ.

"ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟಬೇಕ್ರಿ. ಕೆಳಗ ಕಾಯಿ ಇರೋದು ಹೆಣ್ಣು. ಮುಟ್ಟಿಸೋ ಹುಳ ನಿಮ್ಮ ಮಾಳಿಗಿ ಅಂದ್ರ ಈಗ ಹೆದರ್ತಾವ."

"ಮತ್ತ ಏನು ಮಾಡಬೇಕು?"

"ಏನು ಮಾಡೋದು," ಎಂದರು. "ನೀವ ಹುಳ ಆಗಬೇಕು."

೧೦ ಆಗಸ್ಟ್

ಹುಳ ಆದೆ. ಸಂಜೆ ಆರಕ್ಕೆ ಗಂಡು ಹೂವು ಕಿತ್ತು, ಪಕಳೆ ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಿರುಗಿಸಬೇಕು. ಎದುರು ಮಾಳಿಗೆಯವರು ನೋಡುತ್ತಿದ್ದರು. ನಾನು ಪೂಜೆಗೆ ಹೂವು ಕೀಳುವವನಂತೆ ಮಂತ್ರ ಗೊಣಗಿದೆ.

೧೧ ಆಗಸ್ಟ್

ಕನ್ನಡಕವಿಲ್ಲದೆ ಮಾಡಿದ್ದೆ. ನಿನ್ನೆ ನಾಲ್ಕು ಗಂಡುಗಳನ್ನು ನಾಲ್ಕು ಗಂಡುಗಳಿಗೆ ಪರಿಚಯಿಸಿದ್ದು ಎಂದು ಇವತ್ತು ತಿಳಿಯಿತು. ಯಾರೂ ಆಕ್ಷೇಪ ಮಾಡಿರಲಿಲ್ಲ.

ಇವತ್ತು ಕನ್ನಡಕ ಹಾಕಿ, ಒಂದು ಹೆಣ್ಣಿಗೆ ಸರಿಯಾಗಿ ಮುಟ್ಟಿಸಿದೆ.

೧೪ ಆಗಸ್ಟ್

ಉದುರಿಲ್ಲ. ಇಲಾಖೆಯ ಉಕ್ಕಿನ ಅಳತೆಪಟ್ಟಿಯಿಂದ ಅಳೆದೆ: ಐದು ಸೆಂಟಿಮೀಟರ್.

೧೬ ಆಗಸ್ಟ್

ಒಂಬತ್ತು.

೧೮ ಆಗಸ್ಟ್

ಹದಿನಾರೂವರೆ. ಸ್ನಾನ ಮಾಡಿ ಅಳೆದೆ.

೧೯ ಆಗಸ್ಟ್, ಶುಕ್ರವಾರ

ಅಳಿಲು ತಿಂದಿತು. ಪೂರ್ತಿ ತಿಂದಿದ್ದರೂ ದುಃಖವಿರಲಿಲ್ಲ. ಅರ್ಧ ತಿಂದು, ರುಚಿಸಲಿಲ್ಲ ಎಂಬಂತೆ ಬಿಟ್ಟು, ಗೋಡೆಯ ಮೇಲೆ ಕುಳಿತು ಮುಖ ತೊಳೆದುಕೊಳ್ಳುತ್ತಿತ್ತು. ಟವೆಲ್ ಬೀಸಿ ಓಡಿಸಿದೆ. ಅದು ಬಸಲಿಂಗಮ್ಮನವರ ಮಾಳಿಗೆಗೆ ಹೋಯಿತು. ಎಲ್ಲರೂ ಅಲ್ಲಿಗೇ ಹೋಗುತ್ತಾರೆ.

ಉಳಿದ ಅರ್ಧ ಕಾಯಿಯನ್ನು ಎಸೆಯಲು ಮನಸ್ಸಾಗದೆ ಪಲ್ಯ ಮಾಡಿದೆ. ಚೆನ್ನಾಗಿತ್ತು. ಅಳಿಲಿಗೆ ರುಚಿ ತಿಳಿಯದು ಎನ್ನುವಂತಿಲ್ಲ.

೨೪ ಆಗಸ್ಟ್, ಬುಧವಾರ

ಬಳ್ಳಿಯ ತುದಿ ಒಣಗುತ್ತಿದೆ. ಒಂದೇ ಹೆಣ್ಣು ಮೊಗ್ಗು ಉಳಿದಿತ್ತು. ಇಂದು ಸಂಜೆ ಅರಳಿತು. ಆದರೆ ಮಧ್ಯಾಹ್ನದ ಮಳೆಗೆ ನಮ್ಮ ಗಂಡು ಹೂವುಗಳೆಲ್ಲ ಉದುರಿ ನೀರಿನಲ್ಲಿ ತೇಲುತ್ತಿದ್ದವು. ಒಂದೂ ಇಲ್ಲ. ಆರು ಗಂಟೆ. ಬೆಳಗಾದರೆ ಹೂವು ಮುಚ್ಚುತ್ತದೆ. ಅತ್ತೆಯ ಬೀಜ ಇಲ್ಲಿಗೆ ಮುಗಿಯುತ್ತದೆ.

ಬಸಲಿಂಗಮ್ಮನವರಿಗೂ ಒಂದು ಹೀರೆಬಳ್ಳಿ ಇದೆ, ತಗಡಿನ ಚಪ್ಪರದ ಕೆಳಗೆ; ಅದಕ್ಕೆ ಮಳೆ ತಗಲಿರಲಿಲ್ಲ. ಗೋಡೆ ದಾಟಿ ಹೋದೆ. ಅವರು ಮೊರ ಹಿಡಿದು ಕುಳಿತಿದ್ದರು.

"ಒಂದು ಗಂಡು ಬೇಕಾಗಿತ್ತು," ಎಂದೆ.

"ಯಾರಿಗ್ರಿ?" ಎಂದರು. ಆಮೇಲೆ ನನ್ನ ಹಿಂದೆ ಆ ಒಂಟಿ ಹೂವು ಕಂಡಿತು. ಮೊರ ಕೆಳಗಿಟ್ಟು, ಎದ್ದು, ಬಳ್ಳಿಯ ಎರಡೂ ಬದಿ ನೋಡಿ, ಮೂರು ಹೂವು ಮುಟ್ಟಿ, ನಾಲ್ಕನೆಯದನ್ನು ಕಿತ್ತುಕೊಟ್ಟರು. "ಇದು ಗಟ್ಟಿ ಐತಿ ನೋಡ್ರಿ."

ಮೀಟರ್ ಕಡ್ಡಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

೨೮ ಆಗಸ್ಟ್

ನಿಂತಿತು. ಈ ಸಲದ ಕಾಯಿಯನ್ನು ಅಳೆಯಲಿಲ್ಲ. ನನ್ನ ಸರ್ವೀಸಿನ ಕಾಲದ ಖಾಕಿ ಕಾಲುಚೀಲ ತೊಡಿಸಿ ದಾರ ಕಟ್ಟಿದ್ದೇನೆ, ಅಳಿಲಿಗಾಗಿ. ಜೋಡಿಯ ಇನ್ನೊಂದು ಚೀಲವನ್ನು ಅಳಿಲು ಹೊತ್ತುಕೊಂಡು ಹೋಗಿ ಮೀಟರ್ ಬೋರ್ಡಿನ ಹಿಂದೆ ಗೂಡಿಗೆ ಹಾಕಿಕೊಂಡಿದೆ. ಇರಲಿ. ಮಳೆಗಾಲ.

೩೦ ಆಗಸ್ಟ್, ಮಂಗಳವಾರ

ನಲಿನಿಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ. ಫೋನು ಇಟ್ಟ ಕೂಡಲೆ ಬಸಲಿಂಗಮ್ಮನವರು ಸಕ್ಕರೆ ತಂದು ಬಾಯಿಗೇ ಹಾಕಿದರು. ಮನೆಗೆ ಬಂದು ಮಾಳಿಗೆಯ ಮೇಲೆ ಹೋಗಿ ಎಲ್ಲರಿಗೂ ಹೇಳಿದೆ.

೩ ಸೆಪ್ಟೆಂಬರ್, ಶನಿವಾರ

ಬಸಲಿಂಗಮ್ಮನವರು ಇವತ್ತು ಸಹಜವಾಗಿ ಒಂದು ಮಾತು ಹೇಳಿದರು: "ಕಾಯಿ ನಿಮ್ಮದು. ಬೀಜ ಮಾತ್ರ ಇಬ್ಬರದೂ ಅಲ್ರೀ?"

ಇದು ನನಗೆ ಹೊಳೆದೇ ಇರಲಿಲ್ಲ. ಅವರ ಶಹಾಪುರದ ಹೀರೆ ಗೇಣುದ್ದ, ಗುಂಡಗೆ. ನಮ್ಮದು ಮೊಳದುದ್ದ, ತೆಳ್ಳಗೆ. ಆ ಬೀಜದಿಂದ ಏನು ಹುಟ್ಟುತ್ತದೋ ಯಾರಿಗೆ ಗೊತ್ತು. ಅತ್ತೆ ನಲವತ್ತು ವರ್ಷ ಜೋಪಾನ ಮಾಡಿದ ಮಾನ್ವಿಯ ಮಾಧ್ವ ಹೀರೆಯನ್ನು ನಾನು ಒಂದು ಸಂಜೆ, ಗೋತ್ರ ಕೇಳದೆ, ಧಾರೆಯೆರೆದು ಬಂದಿದ್ದೇನೆ. ಅತ್ತೆ ಬದುಕಿನುದ್ದಕ್ಕೂ ಹೊರಗಿನವರು ಮುಟ್ಟಿದ ನೀರು ಕುಡಿದವರಲ್ಲ.

ಶಾಮಲಾಳಿಗೆ ಏನು ಹೇಳಲಿ?

೧೧ ಸೆಪ್ಟೆಂಬರ್, ರವಿವಾರ

ಕರಿಬೇವಿನ ಮೇಲೆ ಮತ್ತೆ ಆ ವೇಷಧಾರಿಗಳು ಬಂದಿವೆ. ಹನ್ನೆರಡು. ಮೇಲಿನ ರೆಂಬೆಗಳು ಅವಕ್ಕೆ, ಕೆಳಗಿನ ಎರಡು ನನಗೆ ಎಂದು ಮಾಡಿಕೊಂಡಿದ್ದೇವೆ. ಅವು ಗಡಿ ಮೀರುತ್ತವೆ. ನಾನು ಒಗ್ಗರಣೆಗೆ ಕರಿಬೇವು ಹಾಕುವುದು ಬಿಟ್ಟಿದ್ದೇನೆ; ಅದಿಲ್ಲದೆಯೂ ಸಾರು ಸಾರೇ.

ಮೆಟ್ಟಿಲ ಬಾಗಿಲಿಗೆ ಜೇಡ ಬಲೆ ಕಟ್ಟಿದೆ. ಬಗ್ಗಿ ಹೋಗುವುದು ನಡುವಿಗೂ ಒಳ್ಳೆಯ ವ್ಯಾಯಾಮ.

೧೮ ಸೆಪ್ಟೆಂಬರ್

ಸಂಜೆ ಒಂದು ದೊಡ್ಡ ಕಂದು ಪತಂಗ ಬಂತು. ಹೆಣ್ಣು ಹೂವಿಲ್ಲ, ಗಂಡು ಎರಡೇ ಅರಳಿದ್ದವು. ಆದರೂ ಗಾಳಿಯಲ್ಲೇ ನಿಂತು, ಉದ್ದ ಕೊಳವೆ ಚಾಚಿ ಎರಡನ್ನೂ ಕುಡಿಯಿತು. ಜೂನ್ ತಿಂಗಳ ಪುಡಿಯ ನಂತರ ನಮ್ಮ ಹೂವಿಗೆಂದು ಬಂದ ಮೊದಲನೆಯದು. ನಾನು ಕೈ ಕಟ್ಟಿ ಪಕ್ಕಕ್ಕೆ ನಿಂತೆ. ಈ ಕೆಲಸದಲ್ಲಿ ಅದು ನನಗಿಂತ ಸೀನಿಯರು.

೯ ಅಕ್ಟೋಬರ್, ರವಿವಾರ

ಶಾಮಲಾ ಬಂದಳು. ನಲಿನಿಯ ಅತ್ತೆ ಬಾಣಂತನ ಮುಂದುವರಿಸುತ್ತಾರೆ. ಮಗುವಿಗೆ ನನ್ನ ಹಣೆ ಬಂದಿದೆಯಂತೆ, ಪಾಪ.

ಮನೆಗೆ ಬಂದವಳು ನೀರನ್ನೂ ಕುಡಿಯದೆ ಮಾಳಿಗೆಗೆ ಹೊರಟಳು.

"ಬಗ್ಗಿ ಬಾ," ಎಂದೆ.

"ಯಾಕ? ಅಯ್ಯ, ಜ್ಯಾಡ. ಕಸಬರಗಿ ತರ್ರಿ."

"ಬ್ಯಾಡ. ಮನೀ ಅದು ಅದರದು."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಬಗ್ಗಿ ಬಂದಳು. ಅರ್ಧ ಬೋಳಾದ ಕರಿಬೇವು ನೋಡಿದಳು, ಅಲ್ಲಲ್ಲಿ ಹೂ ಬಿಟ್ಟ ದಾಸವಾಳ ನೋಡಿದಳು, ಖಾಲಿ ಡಬ್ಬಿ ನೋಡಿದಳು. ಕೊನೆಗೆ ಒಣಗಿದ ಬಳ್ಳಿಯಲ್ಲಿ ಖಾಕಿ ಕಾಲುಚೀಲ ತೊಟ್ಟು ತೂಗುತ್ತಿದ್ದ ಕಾಯಿಯ ಹತ್ತಿರ ಹೋಗಿ, ಚೀಲ ಬಿಚ್ಚಿ, ಕಿವಿಗೆ ಹಿಡಿದು ಅಲ್ಲಾಡಿಸಿದಳು. ಬೀಜ ಗಲಗಲ ಎಂದವು. ಅವಳ ಕಣ್ಣು ತುಂಬಿತು.

ಇನ್ನು ತಡೆಯಲಾಗಲಿಲ್ಲ. ಪುಡಿ, ಸತ್ತ ಬಳ್ಳಿ, ರೇಡಿಯೋ, ಬಸ್ಸು, ಎಲ್ಲ ಹೇಳಿದೆ. ಆಮೇಲೆ ಆಗಸ್ಟ್ ಇಪ್ಪತ್ನಾಲ್ಕನ್ನೂ ಹೇಳಿದೆ. "ನಿಮ್ಮವ್ವನ ಬೀಜ ಪೂರ್ತಿ ನಿಮ್ಮವ್ವನದಾಗಿ ಉಳೀಲಿಲ್ಲ. ತಪ್ಪು ನಂದು."

ಅವಳು ಕಾಯಿಯನ್ನು ಮತ್ತೊಮ್ಮೆ ಅಲ್ಲಾಡಿಸಿದಳು.

"ನೀವು," ಎಂದಳು, "ದಿನಾ ಸಂಜೀಕ, ಕೈಯಾಗ ಹೂವು ಹಿಡಕೊಂಡು?"

"ಕನ್ನಡಕ ಹಾಕ್ಕೊಂಡು."

ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು, ಗೋಡೆ ಹಿಡಿದುಕೊಳ್ಳುವಷ್ಟು. ನಗು ನಿಂತ ಮೇಲೆ ಮುಖ ಒರೆಸಿಕೊಂಡು, "ಗಂಡು ಯಾರ ಕಡೀದು ಅಂದ್ರಿ? ಬಸಲಿಂಗಮ್ಮನವರದು? ಹಂಗಾದ್ರ ಅವರು ಬೀಗರು. ಒಂದೂವರಿ ತಿಂಗಳಾತು, ಬೀಗರಿಗೆ ಒಂದು ಕುಂಕುಮನೂ ಕೊಟ್ಟಿಲ್ಲ ನೀವು," ಎಂದು ಕೆಳಗೆ ಹೋಗಿ ಅರಿಷಿಣ-ಕುಂಕುಮದ ಬಟ್ಟಲು, ಬಳ್ಳಾರಿಯಿಂದ ತಂದ ಬುಂದಿ ಉಂಡಿ ಹಿಡಿದು ಬಂದು, ಗೋಡೆಯ ಬಳಿ ನಿಂತು ಕರೆದಳು.

ಬಸಲಿಂಗಮ್ಮನವರು ಬಂದರು. ವಿಷಯ ಕೇಳಿ ಮುಖ ಗಂಭೀರ ಮಾಡಿಕೊಂಡರು. ಸೀರೆ ಸರಿಪಡಿಸಿ, ಗೋಡೆ ದಾಟಿ, ಈಚೆ ಬಂದು ನಿಂತು ನನ್ನ ಕಡೆ ತಿರುಗಿದರು.

"ಗಂಡಿನ ಕಡೀಯವ್ರು ಮನೀಗೆ ಬಂದೀವಿ ಸಾಹೇಬ್ರ. ಕಾಲಿಗೆ ನೀರು ಕೊಡೋ ಪದ್ಧತಿ ಇಲ್ಲೇನ್ರಿ ನಿಮ್ಮಲ್ಲಿ?"

ಬಕೀಟಿನಲ್ಲಿ ಗಿಡಕ್ಕೆಂದು ಇಟ್ಟ ನೀರಿತ್ತು. ಕೊಟ್ಟೆ. ತಣ್ಣಗಿದೆ ಎಂದರು. ಉಂಡಿಗೆ ಏಲಕ್ಕಿ ಸಾಲದು ಎಂದರು. ಕೂಡಲು ಚಾಪೆ ಹಾಕಿಲ್ಲ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಶಾಮಲಾ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು:

"ಸುಮ್ಮನಿರ್ರಿ. ಹೆಣ್ಣು ಕೊಟ್ಟೀವಿ."